ನಾನ್-ಲೀಗ್: ಹೆಸರಲ್ಲೇ ಲೀಗ್, ಆದರೂ ಲೀಗಲ್ಲ

ನಾನ್‌ವೆಜ್ ಊಟ ಎಂದರೆ ತರಕಾರಿಯೇ ಇಲ್ಲದ ಊಟ ಎಂದು ಯಾರೂ ತಿಳಿಯುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಬಳಕೆಯಾಗುವ ‘ನಾನ್-ಲೀಗ್’ ಎಂಬ ಮಾತಿಗೂ ಇಂಥದ್ದೇ ರಿಯಾಯಿತಿ ಕೊಡಬೇಕು. ಅಲ್ಲಿ ಲೀಗುಗಳಿಗೇನೂ ಬರವಿಲ್ಲ. ನಾರ್ದರ್ನ್ ಲೀಗ್, ವೆಸ್ಟರ್ನ್ ಲೀಗ್, ಇಸ್ತ್‌ಮಿಯನ್ ಲೀಗ್ ಎಂದು ಹೆಸರಲ್ಲೇ ಲೀಗ್ ಇಟ್ಟುಕೊಂಡವು ಸಾಲುಸಾಲಾಗಿವೆ. ಆದರೂ ಅವೆಲ್ಲ ನಾನ್-ಲೀಗ್.

ಗೊಂದಲದ ಬೇರು 1888ರಲ್ಲಿದೆ. ಆ ವರ್ಷ 12 ಕ್ಲಬ್ಬುಗಳು ಸೇರಿ ಕಟ್ಟಿದ ಸಂಸ್ಥೆಯ ಹೆಸರು ಬರೀ ‘ಫುಟ್‌ಬಾಲ್ ಲೀಗ್’. ಮೊದಲು ಬಂದವರು ಸಾಮಾನ್ಯ ನಾಮವನ್ನೇ ಅಂಕಿತನಾಮ ಮಾಡಿಕೊಂಡರು. ಮರುವರ್ಷವೇ ಹುಟ್ಟಿದ ನಾರ್ದರ್ನ್ ಲೀಗ್ ಕೂಡ ಹೊರಗಿನದಾಯಿತು. ಇಂದು ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿನ 20 ಮತ್ತು ಅದರ ಕೆಳಗೆ ಫುಟ್‌ಬಾಲ್ ಲೀಗಿನ ಮೂರು ವಿಭಾಗಗಳ 72, ಒಟ್ಟು 92 ಕ್ಲಬ್ಬುಗಳು ಗೆರೆಯ ಒಳಗಿವೆ. ಐದನೆಯ ಹಂತದ ನ್ಯಾಷನಲ್ ಲೀಗಿನಿಂದ ಕೆಳಕ್ಕೆ ಇರುವುದೆಲ್ಲ ನಾನ್-ಲೀಗ್.

ಹಾಗೆಂದು ಇದನ್ನು ‘ಹವ್ಯಾಸಿ’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ನ್ಯಾಷನಲ್ ಲೀಗಿನಲ್ಲಿ ಆಟವೇ ಕಸುಬಾದವರು ಧಾರಾಳವಾಗಿದ್ದಾರೆ. ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು ಸಿಗುವುದು ಹೆಚ್ಚಾಗಿ ಅದರ ಕೆಳಗಿನ ಪ್ರಾದೇಶಿಕ ಲೀಗುಗಳಲ್ಲಿ. ಕೆಳಗಿನವರನ್ನು ಹಗುರವಾಗಿ ಎಣಿಸುವ ಮುನ್ನ ಇಂಗ್ಲೆಂಡಿನದೇ ಕಲ್ಲಿದ್ದಲ ಗಣಿಗಾರರ ವೆಸ್ಟ್ ಆಕ್ಲೆಂಡ್ ತಂಡವನ್ನೂ ನೆನೆಯಬೇಕು. 1911ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ, ಲಿಪ್ಟನ್ ಟ್ರೋಫಿಯ ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು ಅದರ ಊರಿನಲ್ಲೇ 6-1ರಿಂದ ಸೋಲಿಸಿ ಬಂದವರು ಅವರು.

ಗೆರೆ ದಾಟುವುದು ಬಹುಕಾಲ ಆಟದಿಂದ ಆಗುವ ಮಾತಾಗಿರಲಿಲ್ಲ. ಒಳಗಿದ್ದ ಕ್ಲಬ್ಬುಗಳು ಮತ ಹಾಕಿ ಕರೆದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ತಮ್ಮ ಪಂಕ್ತಿಯವನನ್ನು ಎಬ್ಬಿಸಿ ಹೊರಗಿನವನನ್ನು ಕೂರಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಸದರ್ನ್ ಲೀಗನ್ನು ಸತತ ಮೂರು ಬಾರಿ ಗೆದ್ದ ಮೇಲೆ 1977ರಲ್ಲಿ ವಿಂಬಲ್ಡನ್‌ಗೆ ಹಾಗೆ ಎಲೆ ಸಿಕ್ಕಿತು. ಹನ್ನೊಂದು ವರ್ಷದಲ್ಲಿ ಅದು ಲಿವರ್‌ಪೂಲನ್ನು ಮಣಿಸಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಎತ್ತಿತು. ಐದನೆಯ ಹಂತ ಗೆದ್ದವರಿಗೆ ನೇರ ಬಡ್ತಿ ಎಂಬ ನಿಯಮ ಬಂದದ್ದು 1987ರಲ್ಲಿ. ಸ್ಕಾರ್ಬರೋ ಮೇಲೇರಿತು, ಲಿಂಕನ್ ಸಿಟಿ ಕೆಳಗಿಳಿಯಿತು.

ಈ ಪದದ ಭಾರ ಎಷ್ಟೆಂದು ನನಗೆ ತಿಳಿದದ್ದು 2019-20ರ ಋತುವಿನಿಂದ. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದ ಹೊಸ ಕ್ಲಬ್ ಜರ್ಸಿ ಬುಲ್ಸ್, ಕಂಬೈನ್ಡ್ ಕೌಂಟೀಸ್ ಲೀಗಿನ ಮೊದಲನೇ ವಿಭಾಗಕ್ಕೆ ಸೇರಿತು. ‘ಮೊದಲನೇ’ ಎಂಬ ಮಾತಿಗೆ ಮರುಳಾಗಬೇಡಿ, ಮೇಲಿನಿಂದ ಎಣಿಸಿದರೆ ಅದು ಹತ್ತನೆಯ ಮೆಟ್ಟಿಲು. ಬುಲ್ಸ್ 27 ಪಂದ್ಯ ಆಡಿ 27ನ್ನೂ ಗೆದ್ದು ಬಡ್ತಿಯನ್ನು ಖಚಿತಪಡಿಸಿಕೊಂಡಿತು. ಅಷ್ಟರಲ್ಲಿ ಕೋವಿಡ್ ಬಂತು. 2020ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಎಫ್‌ಎ ನ್ಯಾಷನಲ್ ಲೀಗಿನ ವಿಭಾಗಗಳಿಗಿಂತ ಕೆಳಗಿನ ಲೀಗುಗಳ ಋತುವನ್ನೇ ಅಸಿಂಧುಗೊಳಿಸಿ, ಫಲಿತಾಂಶಗಳನ್ನೆಲ್ಲ ದಾಖಲೆಯಿಂದ ಅಳಿಸಿತು. ನಾರ್ದರ್ನ್ ಪ್ರೀಮಿಯರ್ ಲೀಗಿನಲ್ಲಿ 12 ಅಂಕ ಮುಂದಿದ್ದ ಸೌತ್ ಶೀಲ್ಡ್ಸ್‌ಗೂ ಅದೇ ಗತಿಯಾಯಿತು. ಆದರೆ ಪ್ರೀಮಿಯರ್ ಲೀಗ್ ಬೇಸಿಗೆಯಲ್ಲಿ ಖಾಲಿ ಮೈದಾನಗಳಲ್ಲಿ ಆಡಿ ಮುಗಿಸಿತು.

ಮರುವರ್ಷವೂ ಕೆಳಗಿನ ಲೀಗುಗಳ ಋತು ಅರ್ಧಕ್ಕೇ ನಿಂತಿತು. 2021ರಲ್ಲಿ ಲೀಗುಗಳನ್ನು ಮರುವಿಂಗಡಿಸಿ ಬಡ್ತಿ ಕೊಡುವಾಗ, ಪ್ರತಿ ಪಂದ್ಯದ ಸರಾಸರಿ ಅಂಕಕ್ಕೆ ಎರಡೂ ಋತುಗಳ ಲೆಕ್ಕ ಹಿಡಿದರು. ಹೀಗೆ, ನಡೆದೇ ಇಲ್ಲ ಎಂದು ಅಳಿಸಿದ್ದ ಆ 27 ಗೆಲುವುಗಳನ್ನೂ ಎಣಿಸಿ ಜರ್ಸಿ ಬುಲ್ಸ್ ತಂಡವನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದರು.