ಐದು ದ್ವಿಪಕ್ಷೀಯ ಸೇರಿದರೆ ಒಂದು ಬಹುಪಕ್ಷೀಯ ಆಗುವುದಿಲ್ಲ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಒಂದು ದೇಶದ ನಾಯಕರು ಐದು ದೇಶ ಸುತ್ತಿದರು, ಐದು ರಾಜಧಾನಿಗಳಲ್ಲಿ ಐದು ಒಪ್ಪಂದಗಳಿಗೆ ಸಹಿ ಹಾಕಿ ಮನೆಗೆ ಹೋದರು. ವರದಿಯ ತಲೆಬರಹ ಮಾತ್ರ ‘ಬಹುಪಕ್ಷೀಯ ಸಹಕಾರಕ್ಕೆ ಹೊಸ ಜೀವ’. ಅದರಲ್ಲಿ ಒಂದೇ ಒಂದು ಒಪ್ಪಂದವೂ ಬಹುಪಕ್ಷೀಯ ಅಲ್ಲ. ಐದೂ ದ್ವಿಪಕ್ಷೀಯ. ಐದು ಕೋಣೆಗಳಲ್ಲಿ ಇಬ್ಬಿಬ್ಬರು ಕೂತು ಮಾತಾಡಿದರೆ ಅದನ್ನು ಸಭೆ ಅನ್ನುವುದಿಲ್ಲ, ಅಲ್ವಾ?

ಒಂದು ಸಲ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಈ ಪದ ಈಗ ಎಲ್ಲದಕ್ಕೂ ಅಂಟುತ್ತಿದೆ. ನಾಲ್ಕು ದೇಶಗಳ ಕೂಟ ಬಹುಪಕ್ಷೀಯ, ದೊಡ್ಡ ಶೃಂಗಸಭೆ ಬಹುಪಕ್ಷೀಯ, ಹಲವು ದೇಶಗಳಲ್ಲಿ ಅಂಗಡಿ ಇಟ್ಟ ಕಂಪನಿ ಕೂಡ ಬಹುಪಕ್ಷೀಯ! (ಅದು ಬಹುರಾಷ್ಟ್ರೀಯ. ಇದನ್ನು ಇಲ್ಲಿಗೇ ಬಿಡೋಣ.) ಸರ್ವಪಕ್ಷ ಸಭೆಯನ್ನು ‘ಬಹುಪಕ್ಷೀಯ ಸಭೆ’ ಅಂತ ಬರೆದದ್ದನ್ನೂ ಓದಿದ್ದೇನೆ. ಕೆಲವರು ದೀರ್ಘ ಮರೆತು ‘ಬಹುಪಕ್ಷಿಯ ಒಪ್ಪಂದ’ ಅಂತ ಬರೆಯುತ್ತಾರೆ. ಅದು ತುಂಬಾ ಹಕ್ಕಿಗಳು ಸೇರಿ ಮಾಡಿಕೊಂಡ ಒಪ್ಪಂದ.

ನಕ್ಕು ಮುಂದೆ ಹೋಗುವ ಮೊದಲು ಒಂದು ಮಾತು. ಹಕ್ಕಿಗೂ ಈ ಪದಕ್ಕೂ ನಿಜವಾಗಿ ನಂಟಿದೆ. ಸಂಸ್ಕೃತದ ‘ಪಕ್ಷ’ ಅಂದರೆ ರೆಕ್ಕೆ. ರೆಕ್ಕೆ ಇರುವುದು ಪಕ್ಷಿ, ಅದರ ತದ್ಭವ ಹಕ್ಕಿ. ರೆಕ್ಕೆ ಮೈಯ ಒಂದು ಬದಿಯಲ್ಲಿರುತ್ತದೆ, ಹಾಗಾಗಿ ಪಕ್ಷ ಅಂದರೆ ಬದಿ ಎಂದೂ ಆಯಿತು. ಅದರ ತದ್ಭವವೇ ನಮ್ಮ ‘ಪಕ್ಕ’. ಅಕ್ಕಪಕ್ಕ, ಪಕ್ಕೆಲುಬು ಎಲ್ಲ ಇದೇ ಮನೆತನ. ತಿಂಗಳಿಗೆ ಎರಡು ಬದಿ, ಶುಕ್ಲಪಕ್ಷ ಮತ್ತು ಕೃಷ್ಣಪಕ್ಷ. ಮೈಯ ಒಂದು ಬದಿ ಸ್ವಾಧೀನ ತಪ್ಪಿದರೆ ಪಕ್ಷಾಘಾತ. ಒಂದು ಬದಿಗೆ ವಾಲಿದರೆ ಪಕ್ಷಪಾತ. ಚರ್ಚೆಯಲ್ಲಿ ಎದುರಾಳಿಯ ವಾದವನ್ನು ಮೊದಲು ಮಂಡಿಸಿದರೆ ಪೂರ್ವಪಕ್ಷ. ‘ಕನಿಷ್ಠ ಪಕ್ಷ ಫೋನಾದರೂ ಮಾಡಬಾರದಿತ್ತಾ’ ಅಂತ ಬೈಯುವಾಗಲೂ ಇದೇ ಪಕ್ಷ ಬಂದು ಕೂರುತ್ತದೆ.

ಇಷ್ಟೆಲ್ಲ ಅರ್ಥ ಹೊತ್ತಿದ್ದ ಪದ ಈಗ ಒಂದೇ ಅರ್ಥಕ್ಕೆ ಸೊರಗಿದೆ. ಪಕ್ಷ ಅಂದ ಕೂಡಲೇ ಚುನಾವಣೆ, ಚಿಹ್ನೆ, ಪಕ್ಷಾಂತರ. ಗೊಂದಲದ ಅರ್ಧ ಭಾಗ ಇಲ್ಲೇ ಹುಟ್ಟುತ್ತದೆ. ಬಹುಪಕ್ಷೀಯ ಅಂದಾಗ ಬೇಕಾದ ಪಕ್ಷ ಅದಲ್ಲ. ಕೋರ್ಟಿನಲ್ಲಿ ಪಕ್ಷಕಾರ ಅಂತೀವಲ್ಲ, ಆ ಪಕ್ಷ. ಒಂದು ಕರಾರಿನಲ್ಲಿ ತನ್ನ ಹೆಸರು ಬರೆಸಿ, ಅದರ ಮಾತಿಗೆ ಕಟ್ಟುಬಿದ್ದವನು. ಹವಾಮಾನದ ‘ಕಾಪ್’ (ಪಕ್ಷಕಾರರ ಸಮ್ಮೇಳನ) ಹೆಸರಲ್ಲಿ ಇರುವುದೂ ಈ ಪಕ್ಷಕಾರರೇ.

ಇಂಗ್ಲಿಷಿನ ‘ಮಲ್ಟಿಲ್ಯಾಟರಲ್’ ಪದದ ಕತೆಯೂ ಚೆನ್ನಾಗಿದೆ. ಲ್ಯಾಟಿನ್ನಿನ ‘ಲಾಟುಸ್’ ಅಂದರೆ ಬದಿ, ಪಕ್ಕೆ. ಆ ಪದ ಮೊದಲು ಓಡಾಡಿದ್ದು ರಾಜತಂತ್ರದಲ್ಲಿ ಅಲ್ಲ, ರೇಖಾಗಣಿತದಲ್ಲಿ. ಹಲವು ಬದಿಗಳ ಆಕೃತಿ, ಅಂದರೆ ನಾವು ಬಹುಭುಜ ಅನ್ನುವುದು. ಅನುವಾದ ಮಾಡಿದವರು ಆ ದಾರಿ ಹಿಡಿದಿದ್ದರೆ ಇವತ್ತು ‘ಬಹುಭುಜ ಒಪ್ಪಂದ’ ಅಂತ ಓದುತ್ತಿದ್ದೆವೋ ಏನೋ. ಕೇಳುವುದಕ್ಕೆ ದೇವಿಯ ಹೆಸರಿನ ಹಾಗಿದ್ದರೂ ಅರ್ಥಕ್ಕೆ ಅದೇ ಹತ್ತಿರ. ಐದು ಗೆರೆಗಳು ಒಂದಕ್ಕೊಂದು ಸೇರಿ ಮುಚ್ಚಿಕೊಂಡರೆ ಪಂಚಭುಜ. ಅದೇ ಐದು ಗೆರೆಗಳನ್ನು ಒಂದು ಚುಕ್ಕೆಯಿಂದ ಹೊರಗೆ ಎಳೆದರೆ ಅದು ಕೊಡೆಯ ಕಡ್ಡಿ. ಗೆರೆಗಳ ಲೆಕ್ಕ ಒಂದೇ, ಆಕೃತಿ ಬೇರೆ. ಐದು ದೇಶ ಸುತ್ತಿ ಬಂದ ನಾಯಕರು ಮಾಡಿದ್ದು ಕೊಡೆ.

ಅಂತರರಾಷ್ಟ್ರೀಯ ಸಂಬಂಧಗಳ ಪಂಡಿತರಲ್ಲೂ ಈ ಜಗಳ ಆಗಿದೆ. ಬಹುಪಕ್ಷೀಯತೆಗೆ ರಾಬರ್ಟ್ ಕಿಯೋಹೇನ್ 1990ರಲ್ಲಿ ಕೊಟ್ಟ ವ್ಯಾಖ್ಯೆ ಸರಳ: ಮೂರು ಅಥವಾ ಹೆಚ್ಚು ದೇಶಗಳು ತಮ್ಮ ನೀತಿಗಳನ್ನು ಹೊಂದಿಸಿಕೊಳ್ಳುವುದು. ಎರಡು ವರ್ಷದ ನಂತರ ಜಾನ್ ರಗ್ಗಿ ಇದು ಸಾಲದು ಎಂದರು. ಎಣಿಕೆ ಮುಖ್ಯವಲ್ಲ, ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ನಿಯಮ ಮುಖ್ಯ ಎನ್ನುವುದು ಅವರ ವಾದ. ಅವರು ಕೊಟ್ಟ ಉದಾಹರಣೆ ಹಿಟ್ಲರನ ಜರ್ಮನಿಯದು. ಅಲ್ಲಿನ ಆರ್ಥಿಕ ವ್ಯವಹಾರಗಳ ಮಂತ್ರಿ ಹ್ಯಾಲ್ಮಾರ್ ಶಾಖ್ಟ್ 1934ರಲ್ಲಿ ‘ಹೊಸ ಯೋಜನೆ’ ತಂದ. ಜರ್ಮನಿ ಹಲವು ದೇಶಗಳ ಜೊತೆ ವ್ಯಾಪಾರ ಕುದುರಿಸಿತು, ಆದರೆ ಪ್ರತಿ ದೇಶದ ಜೊತೆ ಬೇರೆ ಬೇರೆ ಲೆಕ್ಕ. ದೇಶಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅದು ಬಹುಪಕ್ಷೀಯ ಆಗಲಿಲ್ಲ. ನನ್ನ ಪಾಲಿಗೆ ಈ ಚರ್ಚೆ ಅಲ್ಲಿಗೆ ಮುಗಿದಿದೆ.

ಸಾಮಾನ್ಯ ನಿಯಮ ಅಂದರೆ ಏನು ಅಂತ ನೋಡಬೇಕಾದರೆ ವಿಶ್ವಸಂಸ್ಥೆಗೆ ಹೋಗಬೇಡಿ, ಅಂಚೆಗೆ ಹೋಗಿ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಹೊರದೇಶಕ್ಕೆ ಕಾಗದ ಬರೆಯುವುದು ದೊಡ್ಡ ತಲೆನೋವು. ಎರಡೆರಡು ದೇಶಗಳ ನಡುವೆ ಪ್ರತ್ಯೇಕ ಒಪ್ಪಂದ. ಒಂದೊಂದರಲ್ಲಿ ಒಂದೊಂದು ದರ, ತೂಕದ ಲೆಕ್ಕವೂ ಬೇರೆ. ಕಾಗದ ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದರ ಮೇಲೆ ಬೆಲೆ. 1863ರಲ್ಲಿ ಅಮೆರಿಕದ ಅಂಚೆ ಮುಖ್ಯಸ್ಥ ಮಾಂಟ್ಗಮರಿ ಬ್ಲೇರ್ ಇದಕ್ಕೊಂದು ದಾರಿ ಹುಡುಕೋಣ ಎಂದು ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿದ. ಅದನ್ನು ದಡ ಮುಟ್ಟಿಸಿದ್ದು ಜರ್ಮನಿಯ ಹೈನ್ರಿಖ್ ಫಾನ್ ಸ್ಟೆಫಾನ್. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದವು. ಅದೇ ಇಂದಿನ ವಿಶ್ವ ಅಂಚೆ ಒಕ್ಕೂಟ.

ನಿಯಮ ಎಷ್ಟು ಸರಳ ನೋಡಿ. ಅಂಚೆಯ ಮಟ್ಟಿಗೆ ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಸೀಮೆ. ಹೊರಗಿನಿಂದ ಬಂದ ಕಾಗದವನ್ನು ಮನೆಯ ಕಾಗದದ ಹಾಗೇ ನೋಡಬೇಕು. ಸ್ಟಾಂಪಿನ ದುಡ್ಡು ಕಳಿಸಿದ ದೇಶಕ್ಕೇ ಸೇರಬೇಕು. ಹಾಗಾದರೆ ತಲುಪಿಸಿದವರ ಖರ್ಚು? ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಕಾಗದ ಬಂದರೆ ಉತ್ತರ ಹೋಗುತ್ತದೆ, ಒಟ್ಟು ಲೆಕ್ಕ ಸರಿಹೋಗುತ್ತದೆ! ಇವತ್ತು ನಿನಗೆ ನಷ್ಟ, ನಾಳೆ ನನಗೆ. ಪ್ರತಿ ಲಕೋಟೆಗೂ ಲೆಕ್ಕ ಇಡುವುದು ಬೇಡ. ಬಹುಪಕ್ಷೀಯತೆಯ ತಿರುಳು ಇರುವುದು ಈ ‘ಲೆಕ್ಕ ಇಡುವುದು ಬೇಡ’ದಲ್ಲಿ. ದ್ವಿಪಕ್ಷೀಯದಲ್ಲಿ ಕೊಟ್ಟಿದ್ದಕ್ಕೆ ಅಲ್ಲೇ ತಗೊಳ್ಳಬೇಕು. ಇಲ್ಲಿ ಕೊಟ್ಟಿದ್ದು ಎಲ್ಲಿಂದಲೋ, ಯಾವಾಗಲೋ, ಇನ್ಯಾರಿಂದಲೋ ಬರುತ್ತದೆ ಎಂಬ ನಂಬಿಕೆ.

ಆ ನಂಬಿಕೆಗೂ ಒಂದು ಮಿತಿ ಇತ್ತು. ಕೆಲವು ದೇಶಗಳಿಗೆ ಬರುವುದೇ ಜಾಸ್ತಿ, ಹೋಗುವುದು ಕಮ್ಮಿ ಆಯಿತು. 1969ರಲ್ಲಿ ತಲುಪಿಸುವ ಖರ್ಚಿಗೆ ಒಂದು ಶುಲ್ಕ ಸೇರಿಸಿದರು. ಆಮೇಲೆ ಆನ್‌ಲೈನ್ ವ್ಯಾಪಾರ ಬಂತು. ಚೀನಾದ ಸಣ್ಣ ಪಾರ್ಸೆಲ್‌ಗಳನ್ನು ಹಳೆಯ ಅಗ್ಗದ ದರದಲ್ಲಿ ಹಂಚಬೇಕಾಗಿದೆ ಎಂದು ಅಮೆರಿಕ ಸಿಟ್ಟಾಯಿತು. 2018ರಲ್ಲಿ ಒಕ್ಕೂಟ ಬಿಡುತ್ತೇನೆ ಎಂದು ನೋಟಿಸ್ ಕೊಟ್ಟಿತು. ಯಾವ ದೇಶ 1863ರಲ್ಲಿ ಎಲ್ಲರನ್ನೂ ಕರೆದಿತ್ತೋ ಅದೇ ದೇಶ. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ತುರ್ತು ಸಭೆ ಸೇರಿ, ದೇಶಗಳು ಹಂತಹಂತವಾಗಿ ತಮ್ಮ ದರ ತಾವೇ ಹೇಳಬಹುದು ಎಂದು ನಿಯಮ ಬದಲಿಸಿದರು. ಅಮೆರಿಕ ಉಳಿಯಿತು. ಗಮನಿಸಿ, ಅಮೆರಿಕಕ್ಕೊಂದು ಪ್ರತ್ಯೇಕ ರಿಯಾಯಿತಿ ಅಂತ ಬರೆಯಲಿಲ್ಲ, ನಿಯಮವನ್ನೇ ತಿದ್ದಿದರು. ಬಾಗಿತು, ಮುರಿಯಲಿಲ್ಲ.

ವ್ಯಾಪಾರದಲ್ಲೂ ಇಂಥದ್ದೇ ಒಂದು ನಿಯಮ ಇದೆ. ಅದರ ಹೆಸರು ಮಾತ್ರ ಶುದ್ಧ ಮೋಸ: ‘ಪರಮಾಪ್ತ ರಾಷ್ಟ್ರ’. ಕೇಳಿದರೆ ಯಾರಿಗೋ ವಿಶೇಷ ಮರ್ಯಾದೆ ಅನ್ನಿಸುತ್ತದೆ. ನಿಜವಾದ ಅರ್ಥ ಪೂರ್ತಿ ತಿರುಗಾಮುರುಗಾ. ಒಬ್ಬರಿಗೆ ಸುಂಕ ಇಳಿಸಿದರೆ ಉಳಿದ ಸದಸ್ಯರಿಗೂ ಇಳಿಸಬೇಕು, ಯಾರೂ ಪರಮಾಪ್ತರಲ್ಲ ಎಂದು. 1947ರಲ್ಲಿ 23 ದೇಶಗಳು ಮಾಡಿಕೊಂಡ ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ) ಒಪ್ಪಂದದ ಮೊದಲನೇ ವಿಧಿಯೇ ಇದು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೂ ಹರಿದು ಬಂತು. ಅಲ್ಲಿ ಈಗ 166 ಸದಸ್ಯರು. 2019ರಲ್ಲಿ ಭಾರತ ಪಾಕಿಸ್ತಾನಕ್ಕೆ ಕೊಟ್ಟಿದ್ದ ಈ ಸ್ಥಾನ ವಾಪಸ್ ಪಡೆದಾಗ, ‘ಅಷ್ಟು ವರ್ಷ ಪರಮಾಪ್ತ ಅಂತ ಯಾಕೆ ಕರೆದಿದ್ದರು’ ಎಂದು ಕೇಳಿದವರು ಬಹಳ. ತಪ್ಪು ಅವರದಲ್ಲ, ಪದದ್ದು.

ಈಗ ನನ್ನನ್ನು ಜಾಸ್ತಿ ಕಾಡುವ ಗೊಂದಲಕ್ಕೆ ಬರುತ್ತೇನೆ: ಬಹುಧ್ರುವೀಯ. ಇದು ಶಕ್ತಿಯ ಲೆಕ್ಕ. ಜಗತ್ತಿನಲ್ಲಿ ದೊಡ್ಡ ಪೈಲ್ವಾನರು ಎಷ್ಟು ಮಂದಿ ಎನ್ನುವ ಪ್ರಶ್ನೆಗೆ ಉತ್ತರ. ಅವರು ಅಖಾಡದ ನಿಯಮ ಪಾಲಿಸುತ್ತಾರೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ‘ಜಗತ್ತು ಬಹುಧ್ರುವೀಯ ಆಗುತ್ತಿದೆ, ಆದ್ದರಿಂದ ಬಹುಪಕ್ಷೀಯತೆ ಬೆಳೆಯುತ್ತದೆ’ ಅಂತ ಬರೆಯುವವರು 1914ರ ಯುರೋಪನ್ನು ಒಮ್ಮೆ ನೋಡಲಿ. ಧ್ರುವಗಳಿಗೆ ಏನೂ ಕೊರತೆ ಇರಲಿಲ್ಲ. 1930ರ ದಶಕವನ್ನೂ ನೋಡಲಿ. ಆಗ ವಿಶ್ವಸಂಸ್ಥೆಗೂ ಮೊದಲಿನ ಲೀಗ್ ಆಫ್ ನೇಷನ್ಸ್ ಕಣ್ಣೆದುರೇ ಕುಸಿಯುತ್ತಿತ್ತು. ತದ್ವಿರುದ್ಧವಾಗಿ, ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ್ದು ಸೋವಿಯತ್ ಒಕ್ಕೂಟ ಮುರಿದು ಒಂದೇ ಧ್ರುವ ಉಳಿದಿದ್ದ ಕಾಲದಲ್ಲಿ. ಎರಡು ಪದಗಳ ಮುಂದೆ ‘ಬಹು’ ಇದೆ ಎಂದ ಮಾತ್ರಕ್ಕೆ ಅವು ಅಣ್ಣತಮ್ಮ ಆಗುವುದಿಲ್ಲ.

ಒಂದು ಆಕ್ಷೇಪ ಬರುತ್ತದೆ, ಗೊತ್ತು. ಒಂದೇ ನಿಯಮ ಅಂದರೆ ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ಒಂದೇ ಹೊರೆಯಾ? ಹಾಗೇನಿಲ್ಲ. ಓಝೋನ್ ಪದರ ಕಾಪಾಡುವ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚು ಸಮಯ ಇತ್ತು, ಆಮೇಲೆ ದುಡ್ಡಿನ ನೆರವಿಗೆ ನಿಧಿಯೂ ಬಂತು. ಯಾರಿಗೆ ಎಷ್ಟು ರಿಯಾಯಿತಿ ಎನ್ನುವುದನ್ನೂ ಎಲ್ಲರ ಎದುರು ನಿಯಮವಾಗಿಯೇ ಬರೆದರು. ಕೊನೆಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಅದನ್ನು ಅನುಮೋದಿಸಿವೆ. ಭದ್ರತಾ ಮಂಡಳಿಯ ಐದು ದೇಶಗಳ ವೀಟೋ ಕೂಡ ಬರೆದಿಟ್ಟ ನಿಯಮವೇ. ಅನ್ಯಾಯ ಅನ್ನಿ, ಒಪ್ಪುತ್ತೇನೆ. ಆದರೆ ಅದು ಅನ್ಯಾಯದ ಬಹುಪಕ್ಷೀಯ.

ಇಷ್ಟಾದ ಮೇಲೆ ‘ಬಹುಪಕ್ಷೀಯ ಸಹಕಾರದ ಭವಿಷ್ಯ’ ಎಂಬ ಮಾತಿಗೆ ಒಂದು ಅರ್ಥ ಬರುತ್ತದೆ. ಶೃಂಗಸಭೆಗಳು ಹೆಚ್ಚುತ್ತವೋ ಕಮ್ಮಿಯಾಗುತ್ತವೋ ಅಂತಲ್ಲ, ಅವಂತೂ ಹೆಚ್ಚುತ್ತವೆ. ಎಲ್ಲರಿಗೂ ಒಂದೇ ನಿಯಮ ಎನ್ನುವುದು ಉಳಿಯುತ್ತದೆಯೇ ಎನ್ನುವುದು ಪ್ರಶ್ನೆ.

ವ್ಯಾಪಾರದಲ್ಲಿ ಉತ್ತರ ಸಪ್ಪೆಯಾಗಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠದಲ್ಲಿ ಏಳು ಕುರ್ಚಿ, ಒಂದು ಕೇಸು ಕೇಳಲು ಮೂವರಾದರೂ ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡ ನಿಂತಿದ್ದರಿಂದ 2019ರ ಡಿಸೆಂಬರಿನಲ್ಲಿ ಪೀಠ ನಿಂತುಹೋಯಿತು. ಈಗ ಕೇಸು ಸೋತ ದೇಶ, ಇಲ್ಲದ ಪೀಠಕ್ಕೆ ಮೇಲ್ಮನವಿ ಹಾಕಿ ಆರಾಮಾಗಿ ಕೂರಬಹುದು. ಇದಕ್ಕೆ ‘ಶೂನ್ಯಕ್ಕೆ ಮೇಲ್ಮನವಿ’ ಎಂಬ ಹೆಸರೇ ಬಿದ್ದಿದೆ. 2025ರ ಏಪ್ರಿಲಿನಲ್ಲಿ ಅಮೆರಿಕ ಒಂದೊಂದು ದೇಶಕ್ಕೆ ಒಂದೊಂದು ಸುಂಕ ಘೋಷಿಸಿ, ಪ್ರತ್ಯೇಕ ಮಾತುಕತೆಗೆ ಕರೆಯಿತು. ಮತ್ತೆ ಕೊಡೆ.

ಬೇರೆ ಕಡೆ ಚಿತ್ರ ಅಷ್ಟು ಸಪ್ಪೆ ಇಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆ ಬಿಡುವುದಾಗಿ ಹೇಳಿತು. ನಾಲ್ಕು ತಿಂಗಳಲ್ಲಿ ಉಳಿದವರು ಸೇರಿ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದರು. ಮೀನುಗಾರಿಕೆ ಸಬ್ಸಿಡಿಗೆ ಕಡಿವಾಣ ಹಾಕುವ ಒಪ್ಪಂದ ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಯಾವ ದೇಶಕ್ಕೂ ಸೇರದ ನಡುಗಡಲಿನ ಜೀವಿಗಳ ರಕ್ಷಣೆಗೆ 2023ರಲ್ಲಿ ಆದ ಒಪ್ಪಂದ, 60 ದೇಶಗಳು ಅನುಮೋದಿಸಿದ ಮೇಲೆ 2026ರ ಜನವರಿಯಲ್ಲಿ ಜಾರಿಯಾಯಿತು. ದೊಡ್ಡವರು ಎದ್ದುಹೋದರೂ ಚಾಪೆ ಸುತ್ತಿಡಲಿಲ್ಲ.

ನಡುವೆ ಇನ್ನೊಂದು ಜಾತಿ ಬೆಳೆಯುತ್ತಿದೆ. ನಾಲ್ಕು ದೇಶಗಳ ಕ್ವಾಡ್‌ನಂಥ ಸಣ್ಣ ಕೂಟಗಳು, ಕೆಲವೇ ದೇಶಗಳು ಸೇರಿ ಮಾಡುವ ಒಪ್ಪಂದಗಳು. ನಮ್ಮ ವರದಿಗಳು ಇವನ್ನೂ ಬಹುಪಕ್ಷೀಯಕ್ಕೇ ತುರುಕುತ್ತವೆ. ನಾನು ‘ಕೆಲಪಕ್ಷೀಯ’ ಅನ್ನುತ್ತೇನೆ. ಅರಿಸಮಾಸ ಅಂತ ವ್ಯಾಕರಣ ಬಲ್ಲವರು ಮೂಗು ಮುರಿಯಲಿ, ಕೆಲಸಕ್ಕೆ ಬರುತ್ತದೆ. ಇವುಗಳಲ್ಲೂ ಎರಡು ಬಗೆ. ಮೇಲ್ಮನವಿ ಪೀಠ ನಿಂತಾಗ ಐರೋಪ್ಯ ಒಕ್ಕೂಟ ಮತ್ತಿತರರು 2020ರಲ್ಲಿ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡಿಕೊಂಡರು. ಯಾವ ಸದಸ್ಯ ದೇಶ ಬೇಕಾದರೂ ಅದೇ ನಿಯಮ ಒಪ್ಪಿ ಒಳಗೆ ಬರಬಹುದು. ಇದು ಬಹುಪಕ್ಷೀಯದ ಮರಿ. ಕ್ವಾಡ್‌ಗೆ ಹಾಗೆ ಅರ್ಜಿ ಹಾಕಿ ಸೇರಲು ಆಗುವುದಿಲ್ಲ. ಅದು ಗೆಳೆಯರ ಕೂಟ. ಕೆಟ್ಟದ್ದು ಅಂತಲ್ಲ, ಬೇರೆ ಅಷ್ಟೇ.

ಹಾಗಾಗಿ ಇಂಥ ಸುದ್ದಿ ಬಂದಾಗ ನಾನು ದೇಶಗಳನ್ನು ಎಣಿಸುವುದಿಲ್ಲ. ನಾಳೆ ಇನ್ನೊಂದು ದೇಶ ಸೇರಬೇಕೆಂದರೆ ಇದೇ ಕಾಗದಕ್ಕೆ ಸಹಿ ಹಾಕಿದರೆ ಸಾಕಾ ಅಂತ ನೋಡುತ್ತೇನೆ. ಮೊನ್ನೆಯ ವರದಿಯನ್ನೂ ಹಾಗೇ ನೋಡಿದೆ. ಆರನೇ ದೇಶ ಬಂದರೆ ಆರನೇ ಫೈಲು ತೆರೆಯಬೇಕು.