ಕನ್ನಡ ಪೋಸ್ಟರ್ ದೂರದಿಂದಲೂ ಓದಲು ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಸಂಘದ ರಾಜ್ಯೋತ್ಸವ ಕವಿಗೋಷ್ಠಿಗೆ ಹಳದಿ-ಕೆಂಪಿನ ಪೋಸ್ಟರ್ ಮಾಡಿದ್ದೇವೆ. ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಗೋಡೆಗೆ ಅಂಟಿಸಿದರೆ ರಸ್ತೆಯ ಆಚೆಯಿಂದ ಏನೂ ಗೊತ್ತಾಗುತ್ತಿಲ್ಲ. ಯಾವ ಫಾಂಟ್, ಯಾವ ಬಣ್ಣ ಹಾಕಬೇಕು?

ಉತ್ತರ: ಫಾಂಟ್ ಆಮೇಲೆ ನೋಡೋಣ, ಮೊದಲು ಸಾಲುಗಳ ನಡುವಿನ ಜಾಗ ನೋಡಿ. ಡಿಸೈನ್ ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ 1.2 ಪಟ್ಟು. ಅದು ಇಂಗ್ಲಿಷಿಗೆ ಸರಿ. ನಮಗೆ ಸಾಲದು. 'ರಾಜ್ಯೋತ್ಸವ' ಮೇಲಿನ ಸಾಲು, 'ಕವಿಗೋಷ್ಠಿ' ಕೆಳಗಿನ ಸಾಲು ಅಂದುಕೊಳ್ಳಿ. ಮೇಲಿನಿಂದ ಯ ಒತ್ತು, ಸ ಒತ್ತು ಇಳಿಯುತ್ತವೆ, ಕೆಳಗಿನಿಂದ 'ವಿ'ಯ ಗುಡಿಸು ಏರುತ್ತದೆ, ಎರಡೂ ಒಂದಕ್ಕೊಂದು ತಾಗಿ ದೂರದಿಂದ ನೋಡುವವರಿಗೆ ಬರೀ ಗಂಟು ಕಾಣುತ್ತದೆ. ಅಂತರ 1.4 ಅಥವಾ 1.5 ಮಾಡಿ, ಅಷ್ಟಕ್ಕೇ ಅರ್ಧ ತೊಂದರೆ ಹೋಗುತ್ತದೆ.

ಇನ್ನು ಔಟ್‌ಲೈನ್. ಕೆಂಪು ಅಕ್ಷರದ ಸುತ್ತ ದಪ್ಪ ಕಪ್ಪು ಗೆರೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. 'ಧ', 'ಭ' ಇವುಗಳ ಹೊಟ್ಟೆ ಸೀಳುವ ಸಣ್ಣ ಗೀಟು ಆ ಗೆರೆಯಲ್ಲಿ ಮುಚ್ಚಿಹೋಗುತ್ತದೆ, 'ಧನ' ಹೋಗಿ 'ದನ' ಆಗುತ್ತದೆ. ದಯವಿಟ್ಟು ಔಟ್‌ಲೈನ್ ತೆಗೆದುಬಿಡಿ. ಅಕ್ಷರ ದಪ್ಪ ಬೇಕಿದ್ದರೆ ದಪ್ಪ ಫಾಂಟನ್ನೇ ಆರಿಸಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ 'ಬಲೂ ತಮ್ಮ' ಎಂಬ ಫಾಂಟ್ ಶೀರ್ಷಿಕೆಗೆ ಚೆನ್ನಾಗಿ ಒಪ್ಪುತ್ತದೆ. 'ಅನೇಕ್ ಕನ್ನಡ' ಎಂಬ ಫಾಂಟಿನಲ್ಲಿ ತೆಳುವಿನಿಂದ ದಪ್ಪ, ಕಿರಿದರಿಂದ ಅಗಲ ಎಲ್ಲ ಬಗೆಯೂ ಇದೆ, ಹಾಗಾಗಿ ಜಾಗ ಸಾಲದಿದ್ದಾಗ ಅಕ್ಷರವನ್ನು ಮೌಸಿನಿಂದ ಹಿಂಡುವ ಅಗತ್ಯವಿಲ್ಲ. ಹಿಂಡಿದರೆ ನಿಂತ ಗೆರೆಗಳು ಮಾತ್ರ ಸಣ್ಣಗಾಗಿ ಅಕ್ಷರದ ರೂಪವೇ ಕೆಡುತ್ತದೆ.

ಬಣ್ಣಕ್ಕೆ ಬರೋಣ. ಕಣ್ಣು ಓದುವುದು ಬಣ್ಣದ ಹೆಸರನ್ನಲ್ಲ, ತಿಳಿ-ಗಾಢದ ವ್ಯತ್ಯಾಸವನ್ನು. ಈ ವ್ಯತ್ಯಾಸಕ್ಕೆ ವೆಬ್ ಡಿಸೈನಿನವರ ಕಾಂಟ್ರಾಸ್ಟ್ ಲೆಕ್ಕವಿದೆ, 1 ಅಂದರೆ ವ್ಯತ್ಯಾಸವೇ ಇಲ್ಲ, ಬಿಳಿ ಮೇಲೆ ಕಪ್ಪಿಗೆ ಎಲ್ಲಕ್ಕಿಂತ ಹೆಚ್ಚು, 21. ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪಿಗೆ ಸುಮಾರು 3.7 ಮಾತ್ರ. ಅದೇ ಕೆಂಪನ್ನು ಕುಂಕುಮದಷ್ಟು ಗಾಢ ಮಾಡಿದರೆ 7ರ ಹತ್ತಿರ ಹೋಗುತ್ತದೆ, ನಮ್ಮ ಬಾವುಟದ ಕಳೆಯೂ ಉಳಿಯುತ್ತದೆ. ಬಿಳಿ ಮೇಲೆ ಹಳದಿ ಅಕ್ಷರ ಬೇಡವೇ ಬೇಡ, ಅದು 1.07. ನೀಲಿ ಮೇಲೆ ಕೆಂಪೂ ಹಾಗೇ, 2ರ ಆಸುಪಾಸು, ಮೇಲಾಗಿ ಅಕ್ಷರದ ಅಂಚು ಅದುರಿದಂತೆ ಕಾಣುತ್ತದೆ. ಸುಲಭವಾದ ಪರೀಕ್ಷೆ ಒಂದಿದೆ: ಪೋಸ್ಟರನ್ನು ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ಅಕ್ಷರ ಎದ್ದು ಕಂಡರೆ ಸರಿ.

ಮೊಬೈಲಿನಲ್ಲಿ ಚೆನ್ನಾಗಿ ಕಂಡಿದ್ದು ಯಾಕೆ ಅಂದರೆ ಪರದೆಯ ಹಿಂದೆ ಬೆಳಕಿದೆ, ಕಾಗದಕ್ಕೆ ಅದಿಲ್ಲ, ಮತ್ತೆ ನೀವು ನೋಡಿದ್ದು ಒಂದು ಅಡಿ ದೂರದಿಂದ, ಅಲ್ವಾ?

ಅಳತೆಗೆ ಬೋರ್ಡ್ ಮಾಡುವವರ ಹಳೆಯ ಲೆಕ್ಕವೊಂದಿದೆ: ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಇದು ಇಂಗ್ಲಿಷ್ ಅಕ್ಷರದ ಲೆಕ್ಕ, ಕನ್ನಡಕ್ಕೆ ಹಚ್ಚುವಾಗ ಒತ್ತು ಬಿಟ್ಟು ಮೂಲ ಅಕ್ಷರವನ್ನಷ್ಟೇ ಅಳೆಯಿರಿ. 30 ಅಡಿ ರಸ್ತೆಗೆ 3 ಇಂಚು ಬೇಕು, ಎ3 ಹಾಳೆಯ ಅಗಲವೇ 11.7 ಇಂಚು. ಅಂದರೆ ಆಚೆಯಿಂದ ಕಾಣುವಂಥದ್ದು ಒಂದೆರಡು ಪದ ಮಾತ್ರ, ಅದಕ್ಕೂ ಎ3ರ ಎರಡರಷ್ಟಿರುವ ಎ2 ಹಾಳೆ ಒಳ್ಳೆಯದು. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು ಎಲ್ಲರ ಹೆಸರೂ ದೊಡ್ಡದಾಗಿ ಬರಲಿ ಎಂದು ಸಂಘದಲ್ಲಿ ಒತ್ತಾಯ ಬಂದೇ ಬರುತ್ತದೆ. ಅವನ್ನೆಲ್ಲ ಆಹ್ವಾನ ಪತ್ರಿಕೆಗೆ ಹಾಕಿ. ಗೋಡೆಯ ಮೇಲೆ ಕಾರ್ಯಕ್ರಮ, ದಿನ, ಸಮಯ, ಜಾಗ, ಇಷ್ಟು ಸಾಕು.