ಪದ ಪರಿಚಯ: ‘ಹಸ್ತಾಂತರ’ ಅಂದರೆ ಗಡಿಪಾರು ಅಲ್ಲ

ಕುಂದಗೋಳದ ನಮ್ಮ ಕಾಕಾ ಬೆಳಿಗ್ಗೆ ಪೇಪರ್ ಓದಿ ಮುಗಿಸುವ ಹೊತ್ತಿಗೆ ಒಂದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ. ಈ ಸಲ ಕೇಳಿದ್ದು ಇದು: “ಅಲ್ಲೋ, ಮಲ್ಯ ಲಂಡನ್‌ನಾಗ ಅದಾನಂತ ಎಲ್ಲಾರಿಗೂ ಗೊತ್ತೈತಿ. ನಮ್ಮ ಪೊಲೀಸ್ರು ಹೋಗಿ ಹಿಡ್ಕೊಂಡ್ ಬರಾಕ ಏನ್ ಅಡ್ಡಿ?” ಅವರು ಓದಿದ ಸುದ್ದಿಯಲ್ಲಿ ಒಂದು ಕಡೆ ‘ಗಡಿಪಾರು’ ಅಂತ ಇತ್ತು, ಇನ್ನೊಂದು ಕಡೆ ‘ಹಸ್ತಾಂತರ’. ಎರಡೂ ಒಂದೇ ಅನ್ನುವ ಹಾಗೆ ಬರೆದಿದ್ದರು. ಕಾಕಾನ ಪ್ರಶ್ನೆಗೆ ಉತ್ತರ ಇರುವುದೇ ಈ ಎರಡು ಪದಗಳ ನಡುವಿನ ವ್ಯತ್ಯಾಸದಲ್ಲಿ.

ಗಡಿಪಾರು ಹುಬ್ಬಳ್ಳಿ-ಧಾರವಾಡದವರಿಗೆ ಹೊಸ ಪದವಲ್ಲ. ಹಬ್ಬ ಹತ್ತಿರ ಬಂದಾಗ ರೌಡಿಗಳನ್ನು ಗಡಿಪಾರು ಮಾಡಿದರು ಅಂತ ಓದುತ್ತೇವೆ. ಅದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿ ಬರುವ ಆದೇಶ. ಇಷ್ಟು ದಿನ ಈ ಜಿಲ್ಲೆಯಲ್ಲಿ ಕಾಲಿಡಬೇಡ ಅಂತ ಹೇಳುವುದು, ಅಷ್ಟೇ. ದೇಶದಿಂದ ಹೊರಗೆ ಹಾಕುವುದಕ್ಕೂ ಇದೇ ಪದ ಬಳಸುತ್ತಾರೆ. ವೀಸಾ ಮುಗಿದವನನ್ನು ಒಂದು ದೇಶ ತನ್ನ ಇಷ್ಟದಿಂದ ಕಳಿಸಿಬಿಡಬಹುದು. ಮುಂಬೈ ಭೂಗತ ಪಾತಕಿ ಛೋಟಾ ರಾಜನ್ 2015ರಲ್ಲಿ ಬಾಲಿಯಲ್ಲಿ ಸಿಕ್ಕಿಬಿದ್ದ. ಕೆಲವೇ ದಿನಗಳಲ್ಲಿ ಇಂಡೊನೇಷ್ಯಾ ಅವನನ್ನು ಭಾರತಕ್ಕೆ ಕಳಿಸಿತು. ಅದು ಗಡಿಪಾರು.

ಹಸ್ತಾಂತರ ಬೇರೆ. ಅಲ್ಲಿ ಒಂದು ದೇಶ ಕೇಳುತ್ತದೆ, ಇನ್ನೊಂದು ದೇಶ ತನ್ನ ಕಾನೂನಿನ ಪ್ರಕಾರ ತೂಗಿ ನೋಡಿ ಒಪ್ಪಿಸುತ್ತದೆ. ಕೊಡುವವರು ಷರತ್ತು ಹಾಕುತ್ತಾರೆ, ತೆಗೆದುಕೊಳ್ಳುವವರು ಮಾತು ಕೊಡುತ್ತಾರೆ. ಆ ಮಾತು ಆರೋಪಿಯ ಜೊತೆಗೇ ವಿಮಾನ ಹತ್ತಿ ಬರುತ್ತದೆ.

ಕಾಕಾನಿಗೆ ಇದನ್ನು ಅವರ ಊರಿನಿಂದಲೇ ವಿವರಿಸಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಹುಬ್ಬಳ್ಳಿ ಬ್ರಿಟಿಷರದು, ಕುಂದಗೋಳ ಜಮಖಂಡಿ ಸಂಸ್ಥಾನದ್ದು. ನಡುವೆ ಇರುವುದು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ, ಆದರೆ ಆಳ್ವಿಕೆ ಬೇರೆ. ಆ ಕಡೆ ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮಿರಜದ್ದು, ಸವಣೂರು ನವಾಬರದು. ಕುಂದಗೋಳದಲ್ಲಿ ಕದ್ದವನು ಹುಬ್ಬಳ್ಳಿಗೆ ಓಡಿಬಂದರೆ ಸಂಸ್ಥಾನದ ಪೊಲೀಸರು ಹಿಂದೆಯೇ ಬಂದು ಎಳೆದುಕೊಂಡು ಹೋಗುವ ಹಾಗಿರಲಿಲ್ಲ. 1903ರ ಹಸ್ತಾಂತರ ಕಾಯ್ದೆ ಇತ್ತು. ಸಂಸ್ಥಾನದ ಮೇಲಿನ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ವಾರಂಟ್ ಬರೆಯಬೇಕಿತ್ತು. 1948ರಲ್ಲಿ ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಊರುಗಳ ನಡುವಿನ ಆ ಗೆರೆ ಅಳಿಸಿತು. ದೇಶಗಳ ನಡುವಿನ ಗೆರೆ ಹಾಗೇ ಇದೆ. ನಮ್ಮ ಪೊಲೀಸರ ಅಧಿಕಾರ ಅಲ್ಲಿಗೆ ಮುಗಿಯುತ್ತದೆ.

ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು 1962ರ ಹಸ್ತಾಂತರ ಕಾಯ್ದೆ. 40ಕ್ಕೂ ಹೆಚ್ಚು ದೇಶಗಳ ಜೊತೆ ನಮಗೆ ಒಪ್ಪಂದ ಇದೆ. ಬ್ರಿಟನ್ ಜೊತೆ 1992ರಲ್ಲಿ ಸಹಿಯಾಯಿತು, ಅಮೆರಿಕದ ಜೊತೆ 1997ರಲ್ಲಿ. ಒಪ್ಪಂದ ಇಲ್ಲದ ದೇಶವನ್ನೂ ಕೇಳಬಹುದು. ಆದರೆ ಕೊಡಲೇಬೇಕು ಅನ್ನುವ ಕಟ್ಟು ಅವರಿಗೆ ಇರುವುದಿಲ್ಲ.

ಮೊದಲ ನಿಯಮ, ಮಾಡಿದ ಕೆಲಸ ಎರಡೂ ದೇಶಗಳಲ್ಲಿ ಅಪರಾಧ ಆಗಿರಬೇಕು. ಸಾಮಾನ್ಯವಾಗಿ ಒಂದು ವರ್ಷವಾದರೂ ಜೈಲಾಗುವಂಥ ಅಪರಾಧ. ನಮ್ಮ ಕಡೆ ಕೋರ್ಟಿನಲ್ಲಿ ಚೆಕ್ ಬೌನ್ಸ್ ಕೇಸುಗಳು ಎಷ್ಟು ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಇಲ್ಲಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಆಗಬಹುದು. ಬ್ರಿಟನ್ನಿನಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸ್ ಬಂತು ಅನ್ನುವುದಷ್ಟೇ ಅಪರಾಧ ಆಗುವುದಿಲ್ಲ. ಮೋಸದ ಉದ್ದೇಶವನ್ನೂ ತೋರಿಸಬೇಕು.

ಎರಡನೆಯದು ನನ್ನ ಮಟ್ಟಿಗೆ ಈ ಕಾನೂನಿನ ಜೀವಾಳ. ಯಾವ ಆರೋಪಕ್ಕೆ ಕೇಳಿ ತಂದಿರೋ ಆ ಆರೋಪಕ್ಕೆ ಮಾತ್ರ ವಿಚಾರಣೆ ಮಾಡಬೇಕು. ಕೈಗೆ ಸಿಕ್ಕಮೇಲೆ ಹಳೆಯ ಕೇಸನ್ನೆಲ್ಲ ಹೊರಗೆ ತೆಗೆಯುವ ಹಾಗಿಲ್ಲ. ತೆಗೆಯಬೇಕಾದರೆ ಕೊಟ್ಟ ದೇಶದ ಒಪ್ಪಿಗೆ ಬೇಕು. ಇಲ್ಲವೇ ಅವನಿಗೆ ವಾಪಸ್ ಹೋಗಲು ಅವಕಾಶ ಸಿಕ್ಕಿರಬೇಕು. 1993ರ ಮುಂಬೈ ಸ್ಫೋಟದ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ನಮಗೆ ಒಪ್ಪಿಸಿತು. ಗಲ್ಲು ಹಾಕುವುದಿಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿ ಇಡುವುದಿಲ್ಲ ಅಂತ ಭಾರತ ಮಾತು ಕೊಟ್ಟಿತ್ತು. ಕೇಳದ ಕಲಂಗಳನ್ನೂ ಹಾಕಿದ್ದಾರೆ ಅಂತ 2011ರಲ್ಲಿ ಪೋರ್ಚುಗಲ್‌ನ ಕೋರ್ಟು ತಕರಾರು ತೆಗೆಯಿತು. 2017ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಆದರೂ ಕೊಟ್ಟ ಮಾತಿಗೆ ಸರ್ಕಾರ ಬದ್ಧ ಅಂತ ನಮ್ಮ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಇದನ್ನು ಓದಿ ಸಿಟ್ಟು ಬಂದವರು ಜಾಸ್ತಿ. ಸತ್ತವರ ಮನೆಯವರ ನೋವು ನನಗೂ ಅರ್ಥವಾಗುತ್ತದೆ. ಆದರೆ ಅವತ್ತು ಮಾತು ಮುರಿದಿದ್ದರೆ ಮುಂದಿನ ಸಲ ಯಾವ ದೇಶ ನಮ್ಮನ್ನು ನಂಬಿ ಒಬ್ಬನನ್ನು ಒಪ್ಪಿಸುತ್ತಿತ್ತು?

ಗಲ್ಲಿನ ವಿಷಯ ಕಾಯ್ದೆಯಲ್ಲೇ ಇದೆ. ಕೊಡುವ ದೇಶದಲ್ಲಿ ಆ ಅಪರಾಧಕ್ಕೆ ಮರಣದಂಡನೆ ಇಲ್ಲ ಅಂದರೆ ಇಲ್ಲಿಯೂ ಜೀವಾವಧಿಯೇ ಗರಿಷ್ಠ. ಇನ್ನು ರಾಜಕೀಯ ಅಪರಾಧಕ್ಕೆ ಯಾರನ್ನೂ ಒಪ್ಪಿಸುವುದಿಲ್ಲ.

ಮಲ್ಯ ದೇಶ ಬಿಟ್ಟದ್ದು 2016ರ ಮಾರ್ಚ್‌ನಲ್ಲಿ. ಬ್ಯಾಂಕ್ ಸಾಲದ ವಂಚನೆಯ ಆರೋಪದ ಮೇಲೆ ಭಾರತ ಬ್ರಿಟನ್ನನ್ನು ಕೇಳಿತು. ಲಂಡನ್ನಿನ ನ್ಯಾಯಾಧೀಶರು ಆರೋಪಕ್ಕೆ ಆಧಾರ ಇದೆಯೇ ಅಂತ ನೋಡಿದರು. ಅಷ್ಟೇ ಅಲ್ಲ, ಮುಂಬೈಯ ಆರ್ಥರ್ ರಸ್ತೆ ಜೈಲಿನ 12ನೇ ಬರಾಕ್ ಹೇಗಿದೆ ಅಂತ ವಿಡಿಯೊ ತರಿಸಿ ನೋಡಿದರು. 2018ರ ಡಿಸೆಂಬರ್‌ನಲ್ಲಿ ಒಪ್ಪಿಸಬಹುದು ಅಂದರು. ಮುಂದಿನ ಫೆಬ್ರವರಿಯಲ್ಲಿ ಅಲ್ಲಿನ ಗೃಹ ಸಚಿವರ ಸಹಿ ಬಿತ್ತು. 2020ರಲ್ಲಿ ಮಲ್ಯ ಅವರ ಮೇಲ್ಮನವಿಯೂ ವಜಾ ಆಯಿತು. ಆಮೇಲೂ ಇನ್ನೊಂದು ಕಾನೂನು ಅಡ್ಡಿ ಇದೆ ಅಂತ ಬ್ರಿಟನ್ ತಡೆಹಿಡಿಯಿತು. ಜೈಲಿನ ಸ್ಥಿತಿ ಸಣ್ಣ ವಿಷಯ ಅಂದುಕೊಳ್ಳಬೇಡಿ. ಸಂಜಯ್ ಭಂಡಾರಿ ಎಂಬ ಶಸ್ತ್ರಾಸ್ತ್ರ ಮಧ್ಯವರ್ತಿಯನ್ನು ಕಳಿಸಿದರೆ ತಿಹಾರ್ ಜೈಲಿನಲ್ಲಿ ಹಿಂಸೆಯ ಅಪಾಯ ಇದೆ ಅಂತ ಲಂಡನ್ ಹೈಕೋರ್ಟು 2025ರ ಫೆಬ್ರವರಿಯಲ್ಲಿ ಒಪ್ಪಿಸಲು ನಿರಾಕರಿಸಿತು.

“ಹಂಗಾರ ನಮ್ಮೂರಿನ ಕೇಸ್ ಆದ್ರ?” ಅಂತ ಕಾಕಾ ಕೇಳಿದರು. ದಾರಿ ಉದ್ದ ಇದೆ. ಹುಬ್ಬಳ್ಳಿಯ ಠಾಣೆಯಲ್ಲಿ ಕೇಸು ದಾಖಲಾಗಿ ಆರೋಪಿ ದುಬೈಗೆ ಹಾರಿದ ಅಂತ ಇಟ್ಟುಕೊಳ್ಳಿ. ಎಫ್‌ಐಆರ್ ಒಂದೇ ಸಾಲದು. ಚಾರ್ಜ್‌ಶೀಟ್ ಆಗಬೇಕು, ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳಬೇಕು, ವಾರಂಟ್ ಹೊರಡಿಸಬೇಕು. ಆಮೇಲೆ ಕಾಗದ ರಾಜ್ಯದ ಗೃಹ ಇಲಾಖೆಯಿಂದ ದೆಹಲಿಗೆ ಹೋಗುತ್ತದೆ. ಅಲ್ಲಿಂದ ವಿದೇಶಾಂಗ ಸಚಿವಾಲಯ ಆ ದೇಶಕ್ಕೆ ಕಳಿಸುತ್ತದೆ. ಇಂಟರ್‌ಪೋಲ್‌ನ ರೆಡ್ ಕಾರ್ನರ್ ನೋಟಿಸ್ ಇವನನ್ನು ಹುಡುಕಿ ಕೊಡಿ ಅಂತ ಕೇಳುವ ಸೂಚನೆ. ಅದು ಹಸ್ತಾಂತರದ ಆದೇಶ ಅಲ್ಲ.

ಪಂಚನಾಮೆ, ಫಿರ್ಯಾದಿ, ಸಾಕ್ಷಿಗಳ ಹೇಳಿಕೆ ಎಲ್ಲ ಕನ್ನಡದಲ್ಲಿ ಇರುತ್ತವೆ. ಅವನ್ನೆಲ್ಲ ಆ ದೇಶ ಒಪ್ಪುವ ಭಾಷೆಗೆ ತರಬೇಕು. ಇದಕ್ಕೆ ನಮ್ಮಲ್ಲಿ ಸಿಗುವ ಗಮನ ತುಂಬಾ ಕಡಿಮೆ ಅಂತ ನನಗೆ ಅನಿಸುತ್ತದೆ. “ನಿವೇಶನ ಕೊಡಿಸ್ತೀನಿ ಅಂತ ಸುಳ್ಳು ಹೇಳಿ ಕೈಗಡ ಇಸಕೊಂಡ” ಅಂತ ನಮ್ಮ ಹಳ್ಳಿಯವರು ಹೇಳಿಕೆ ಕೊಡುತ್ತಾರೆ. ಅನುವಾದ ಮಾಡಿದವರು ‘ಸುಳ್ಳು ಹೇಳಿ’ ಅನ್ನುವುದನ್ನು ಬಿಟ್ಟು ಸುಮ್ನೆ ‘ಸಾಲ ಪಡೆದ’ ಅಂತ ಬರೆದರು ಅನ್ನಿ. ಅಲ್ಲಿನ ನ್ಯಾಯಾಧೀಶರ ಕಣ್ಣಿಗೆ ಅದು ವಂಚನೆಯಾಗಿ ಕಾಣುವುದಿಲ್ಲ, ತೀರಿಸದ ಸಾಲವಾಗಿ ಕಾಣುತ್ತದೆ. ಸಾಲ ತೀರಿಸದವನನ್ನು ಯಾವ ದೇಶವೂ ಒಪ್ಪಿಸುವುದಿಲ್ಲ.